ಬಣ್ಣ ಕಂಡರಾಗದ ಛೀ ಸಾರ್

ಬಸ್ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಬೆನ್ನ ಹಿಂದೆ ಅವರಿಗಿದ್ದ ಹೆಸರು ಛೀ ಸಾರ್. ಕಾಫಿ ತಂದುಕೊಟ್ಟರೆ ಛೀ, ಹೊಸ ಕುರ್ಚಿ ಹಾಕಿಸಿದರೆ ಛೀ. ಮಗಳು ತರಗತಿಗೆ ಎರಡನೆಯವಳಾದಾಗಲೂ “ಛೀ, ಮೊದಲು ಬಂದಿದ್ದು ಯಾರು?” ಎಂದು ಕೇಳಿದ ಮಹಾನುಭಾವರು. ಹೆಂಡತಿಯಂತೂ ಅವರ ಅಭಿಪ್ರಾಯ ಕೇಳುವುದನ್ನೇ ಬಿಟ್ಟಿದ್ದರು.

ಕಪ್ಪು ಪರದೆ, ಬಿಳಿ ಅಕ್ಷರ. ಕಮಾಂಡ್ ಕೊಟ್ಟು ಫೈಲನ್ನು ಪರದೆಗೆ ಸುರಿದುಕೊಂಡು, ಕನ್ನಡಕ ಹಣೆಗೇರಿಸಿ ಸಾಲು ಸಾಲಾಗಿ ಓದುವುದೇ ವಿದ್ಯೆ. ಮಿಕ್ಕಿದ್ದೆಲ್ಲ ಶೋಕಿ ಎಂಬುದು ಅವರ ನಂಬಿಕೆ.

ಬೇರೆ ಕಚೇರಿಯಿಂದ ವರ್ಗವಾಗಿ ಬಂದ ಮೇಡಂ ಪಕ್ಕದ ಮೇಜಿನಲ್ಲಿ ಕೂತ ದಿನವೇ ಅವರ ಮೂಗು ಸೊಟ್ಟಗಾಯಿತು. ಆಕೆಯೂ ಕಮಾಂಡ್ ಕೊಟ್ಟೇ ಫೈಲು ನೋಡುತ್ತಿದ್ದರು. ಆದರೆ ಆಕೆ ಬಳಸುತ್ತಿದ್ದ ಸಾಧನ ಸಾಲುಗಳಿಗೆ ನಂಬರು ಹಾಕಿ, ಆದೇಶಕ್ಕೊಂದು, ಅಂಕಿಗೊಂದು, ಕೊಟೇಶನ್ ಗುರುತಿನ ಒಳಗಿನ ಮಾತಿಗೊಂದು ಎಂದು ಬಣ್ಣ ಹಚ್ಚಿ ತೋರಿಸುತ್ತಿತ್ತು.

“ಏನ್ ಮೇಡಂ, ಫೈಲ್ ಓದ್ತಿದೀರೋ, ಮಕ್ಕಳ ಚಿತ್ರದ ಪುಸ್ತಕಾನೋ?”

“ನನ್ನ ಮಕ್ಕಳು ದೊಡ್ಡೋರಾದ್ರು ಸಾರ್. ಇಲ್ಲಿ ಯಾರಿಗಾದ್ರೂ ಬೇಕಾಗುತ್ತೇನೋ ಅಂತ ಇಟ್ಕೊಂಡಿದೀನಿ.”

“ತಲೇಲಿ ಇಲ್ದೋರಿಗೆ ಪರದೆ ಮೇಲೆ ಬೇಕಾಗುತ್ತೆ,” ಎಂದು ಛೀ ಸಾರ್ ಗೋಡೆಗೆ ಹೇಳಿ ಸಮಾಧಾನಪಟ್ಟುಕೊಂಡರು.

ಒಂದು ಬೆಳಿಗ್ಗೆ ನಿಲ್ದಾಣದ ಫಲಕಗಳೆಲ್ಲ ಖಾಲಿ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಜನ ಕಂಡಕ್ಟರುಗಳ ಮೇಲೆ ಮುಗಿಬಿದ್ದರು. ಮ್ಯಾನೇಜರು ಏದುಸಿರು ಬಿಡುತ್ತಾ ಓಡಿಬಂದರು. ಹಿಂದಿನ ಸಂಜೆ ಫಲಕದ ಪ್ರೋಗ್ರಾಮಿಗೆ ಹೊಸ ಊರುಗಳ ಹೆಸರು ಸೇರಿಸಿದವರು ಸ್ವತಃ ಛೀ ಸಾರ್. ಅವರು ಫೈಲನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿದರು. ಎಲ್ಲವೂ ಬೆಳ್ಳಗೆ, ಎಲ್ಲವೂ ಸರಿ. “ಮಷೀನಿಂದೇ ತಪ್ಪು,” ಎಂದು ತೀರ್ಪು ಕೊಟ್ಟರು.

ಮೇಡಂ ಅದೇ ಫೈಲನ್ನು ತಮ್ಮ ಪರದೆಯಲ್ಲಿ ತೆರೆದರು. ಅರ್ಧದವರೆಗೆ ಕೊಟೇಶನ್ ಒಳಗಿನ ಊರುಗಳೆಲ್ಲ ಹಸಿರು. ಅಲ್ಲಿಂದಾಚೆ ಊರುಗಳು ಬಣ್ಣ ಕಳೆದುಕೊಂಡು, ಆ ಹಸಿರು ಆದೇಶಗಳಿಗೆ ಮೆತ್ತಿಕೊಂಡಿತ್ತು.

“ಇಲ್ಲಿ ಕೊಟೇಶನ್ ಗುರುತು ಶುರು ಮಾಡಿದೀರಿ ಸಾರ್, ಮುಚ್ಚಿಲ್ಲ.”

ಒಂದು ಚಿಹ್ನೆ ಒತ್ತಿದ್ದೇ ತಡ, ಫಲಕಗಳು ಬೆಳಗಿದವು. “ಯಾರು ಕಂಡುಹಿಡಿದ್ರಿ?” ಎಂದರು ಮ್ಯಾನೇಜರು.

“ಹುಡುಕಿದ್ವಿ ಸಾರ್, ಸಿಕ್ತು,” ಎಂದರು ಛೀ ಸಾರ್, ಗಂಟಲು ಸರಿಮಾಡಿಕೊಂಡು.

ಮೇಡಂ ಛೀ ಸಾರ್ ಕಡೆ ಒಮ್ಮೆ ನೋಡಿದರು, ಅಷ್ಟೇ. ಚಪ್ಪಲಿಗೆ ಅಂಟಿದ್ದನ್ನು ನೋಡುತ್ತೇವಲ್ಲ, ಹಾಗೆ. ಜೀವಮಾನವೆಲ್ಲ ಆ ನೋಟವನ್ನು ಊರಿಗೆಲ್ಲ ಹಂಚಿದ್ದವರಿಗೆ ಅದರ ಖಾರ ಗೊತ್ತಾಗಿದ್ದು ಆಗಲೇ.

ವಾರದ ನಂತರ, ಎಲ್ಲರೂ ಊಟಕ್ಕೆದ್ದ ಹೊತ್ತು ನೋಡಿ ಅವರು ಕೇಳಿದರು: “ನಿಮ್ಮ ಅದನ್ನ ನನಗೂ ಹಾಕ್ಕೊಡ್ತೀರಾ? ಬಣ್ಣ ಮಾತ್ರ ಬೇಡ.”

“ಬಣ್ಣ ತೆಗೆದ್ರೆ ಸಾಲಿನ ನಂಬರು ಉಳಿಯುತ್ತೆ ಸಾರ್.”

“ನಂಬರ್ ಸಾಕು.”

ಹಾಕಿಕೊಟ್ಟರು. ಛೀ ಸಾರ್ ಈಗ ನಂಬರು ಹಾಕಿದ ಬಿಳಿ ಸಾಲುಗಳನ್ನು ಓದುತ್ತಾರೆ. ತಪ್ಪು ಸಿಗದೆ ಹೋದಾಗ, “ನನ್ನ ಪರದೆ ಯಾಕೋ ಮಂಜಾಗಿದೆ,” ಎನ್ನುತ್ತಾ ಪಕ್ಕದ ಮೇಜಿನ ಬಳಿ ಸುಳಿದಾಡುತ್ತಾರೆ. ಮೇಡಂ ತಲೆಯೆತ್ತುವುದಿಲ್ಲ.

“ನೋಡ್ಬಹುದು ಸಾರ್. ಕುರ್ಚಿ ಮಾತ್ರ ನೀವೇ ಎಳ್ಕೊಂಡು ಬನ್ನಿ.”