ತಡವಾಗಿ ಬಂದವರ ಸುತ್ತು

ದಿಗಂಬರ ಮಾಸ್ತರರಿಗೆ ಚಿಕ್ಕಂದಿನಿಂದಲೂ ಹಾರುವ ಕನಸು ಬೀಳುತ್ತಿತ್ತು. ಹಕ್ಕಿಯಂತೆ ರೆಕ್ಕೆ ಬಡಿಯುವ ಕನಸಲ್ಲ. ಒಂದು ಹೆಜ್ಜೆ ಎತ್ತಿದರೆ ನೆಲ ತಾನಾಗಿಯೇ ಕೆಳಗೆ ಸರಿದು, ಖಾನಾಪುರದ ಹೆಂಚಿನ ಮನೆಗಳೂ ಮಲಪ್ರಭೆಯ ಸೇತುವೆಯೂ ಕಾಲಡಿಯಲ್ಲಿ ಮೆಲ್ಲಗೆ ಹಾದುಹೋಗುವ ಕನಸು. ಮಧ್ಯಾಹ್ನ ಉಂಡು ಗೋಡೆಗೊರಗಿ ತೂಕಡಿಸುವಾಗಲೂ ಅವರ ಕಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು. ಹೆಂಡತಿ ರಾಧಾಬಾಯಿ ಅದನ್ನು ನೋಡಿ, ಇವತ್ತು ಸವಾರಿ ಎಲ್ಲಿಗೆ ಎಂದು ಕೇಳುತ್ತಿದ್ದಳು. ಮಾಸ್ತರರು ಕಣ್ಣು ತೆರೆಯದೆ ಯಾವುದೋ ಊರಿನ ಹೆಸರು ಹೇಳುತ್ತಿದ್ದರು.

ಕನಸಿನಲ್ಲಿ ಇಷ್ಟೆಲ್ಲ ಹಾರಿದ ಮನುಷ್ಯ ಎಚ್ಚರವಿದ್ದಾಗ ಹೈಜಂಪಿನಲ್ಲಿ ಮೂರೂವರೆ ಅಡಿ ದಾಟಿದವರಲ್ಲ. ಹಾಗಂತ ಬೇಜಾರು ಮಾಡಿಕೊಂಡು ಕೂತವರೂ ಅಲ್ಲ. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾದರು. ಮನೆಯಲ್ಲಿ ಮರಾಠಿ, ಮೈದಾನದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕಲಸಿದ ಮೂರನೆಯದೊಂದು ಭಾಷೆ. ತಾವು ಹಾರದಿದ್ದರೂ ಮಕ್ಕಳನ್ನು ಹಾರಿಸಿಯೇ ತೀರುತ್ತೇನೆ ಎಂಬುದು ಅವರ ಹಟ.

ಅರವತ್ತೆಂಟನೆಯ ಇಸವಿಯಲ್ಲಿ ಅವರು ಬೆಳಗಾವಿಗೆ ಹದಿನೈದು ದಿನದ ತರಬೇತಿಗೆ ಹೋಗಿದ್ದರು. ಅಲ್ಲಿ ಕಲಿತ ಒಂದು ಮಾತನ್ನು ದೇವರ ಪ್ರಸಾದದ ಹಾಗೆ ಜೋಪಾನವಾಗಿ ಊರಿಗೆ ತಂದರು. ಜಿಗಿಯುವ ಮೊದಲು ಕೂತು ಕಾಲು ಚಾಚಬೇಕು, ಬೆರಳು ಹಿಡಿದು ಬಗ್ಗಬೇಕು, ಜಗ್ಗಿದ್ದನ್ನು ಬಿಡದೆ ಅರವತ್ತು ಎಣಿಸಬೇಕು. ನರ ಸಡಿಲಾದಷ್ಟೂ ಜಿಗಿತ ಎತ್ತರ. ಇದಕ್ಕೆ ಮಾಸ್ತರರು ತಮ್ಮದೊಂದು ಸೇರಿಸಿದರು. ಎಣಿಸುವಾಗ ಎಲ್ಲರೂ ಕಣ್ಣು ಮುಚ್ಚಬೇಕು.

ಮಳೆಗಾಲ ಮುಗಿದ ಮೇಲೆ ಖಾನಾಪುರದ ಬೆಳಗು ಹೇಗಿರುತ್ತದೆ ಎಂದು ಆ ಊರಿನವರಿಗೆ ಹೇಳಬೇಕಿಲ್ಲ. ಮಂಜು ಮೈದಾನದ ಮೇಲೆ ಸೊಂಟದ ಮಟ್ಟಕ್ಕೆ ನಿಂತಿರುತ್ತಿತ್ತು. ಅದರೊಳಗೆ ಮಕ್ಕಳು ಸಾಲಾಗಿ ಕೂತು, ಬಗ್ಗಿ, ಕಣ್ಣು ಮುಚ್ಚಿ ಉಸಿರಾಡುತ್ತಿದ್ದರು. ದೂರದಲ್ಲಿ ರೈಲು ಕೂಗಿ ಸುಮ್ಮನಾಗುತ್ತಿತ್ತು. ಮಾಸ್ತರರ ದನಿ ಮಾತ್ರ ಇಪ್ಪತ್ತೊಂದು, ಇಪ್ಪತ್ತೆರಡು ಎಂದು ತೇಲುತ್ತ ಹೋಗುತ್ತಿತ್ತು. ಕೆಲವು ಮಕ್ಕಳು ಅಲ್ಲೇ ತೂಕಡಿಸುತ್ತಿದ್ದರು. ಒಮ್ಮೊಮ್ಮೆ ಎಣಿಕೆ ಮರೆತು ಮಾಸ್ತರರೇ ಎಲ್ಲೋ ಹೊರಟುಹೋಗುತ್ತಿದ್ದರು. ಇಡೀ ದಿನದಲ್ಲಿ ಅವರಿಗೆ ಅತ್ಯಂತ ಪ್ರೀತಿಯ ಹೊತ್ತು ಅದು.

ಆ ಹೊತ್ತನ್ನು ಕೆಡಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತಡವಾಗಿ ಬಂದವರಿಗೆ ಸಾಲಿನಲ್ಲಿ ಜಾಗವಿಲ್ಲ, ಜಗ್ಗುವ ಭಾಗ್ಯವೂ ಇಲ್ಲ. ಮೈದಾನಕ್ಕೆ ಒಂದು ಸುತ್ತು: ಅರ್ಧ ಓಟ, ಅರ್ಧ ಕುಂಟುಗಾಲು, ಕೊನೆಗೆ ಹತ್ತು ಕಪ್ಪೆ ಜಿಗಿತ. ಆಮೇಲೆ ಸೀದಾ ಹೈಜಂಪಿನ ಸರದಿಗೆ ನಿಲ್ಲಬೇಕು.

ಎಪ್ಪತ್ತೊಂಬತ್ತರಲ್ಲಿ ಇಬ್ಬರು ಹುಡುಗಿಯರು ಅವರ ಕೈಯಲ್ಲಿದ್ದರು. ಒಬ್ಬಳು ಶಿವಬಸವ್ವ, ಹತ್ತನೆಯ ಇಯತ್ತೆ. ಮೂರು ವರ್ಷದಲ್ಲಿ ಒಂದು ದಿನವೂ ತಡ ಮಾಡಿದವಳಲ್ಲ. ಮಾಸ್ತರರು ಅರವತ್ತು ಎಂದರೆ ತಾನು ಎಪ್ಪತ್ತು ಎಣಿಸುವವಳು. ಪಾಪ, ಅಡ್ಡಕೋಲಿನ ಮೇಲೆ ಇಡೀ ಮೈ ದಾಟಿದರೂ ಹಿಮ್ಮಡಿ ತಾಗಿ ಕೋಲು ಬೀಳುತ್ತಿತ್ತು. ಸಾಲಿ ಮುಗಿದರೆ ಹೊಲಕ್ಕೆ ಬಾ ಎಂದು ಅಪ್ಪ ಹೇಳಿಬಿಟ್ಟಿದ್ದ. ಆ ವರ್ಷ ಬೆಳಗಾವಿಯ ಜಿಲ್ಲಾ ಕ್ರೀಡಾಕೂಟದಲ್ಲಿ ಒಂದು ಮೀಟರ್ ಮೂವತ್ತೈದು ದಾಟಿದವರನ್ನು ಮಾತ್ರ ರಾಜ್ಯ ಕೂಟಕ್ಕೆ ಮೈಸೂರಿಗೆ ಕಳಿಸುವುದಿತ್ತು. ಅವಳ ಪಾಲಿಗೆ ಅದೇ ಕೊನೆಯ ಅವಕಾಶ.

"ಸರ್, ಮೈಸೂರಾಗ ಮೈದಾನದ ತುಂಬ ಹುಲ್ಲು ಇರ್ತೈತಂತ. ಖರೇ ಏನ್ರಿ?" ಎಂದು ಅವಳು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

"ಹೋಗಿ ನೀನ ನೋಡಿ ಬಾ," ಎನ್ನುತ್ತಿದ್ದರು ಮಾಸ್ತರರು.

ಇನ್ನೊಬ್ಬಳು ಎಂಟನೆಯ ಇಯತ್ತೆಯ ಕಾಂತಾ, ಹಲಸಿಯವಳು. ಹಲಸಿಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದನ್ನು ಕಂಡವರು ಯಾರೂ ಇಲ್ಲ. ಹಾಗಾಗಿ ಕಾಂತಾಳಿಗೆ ದಿನವೂ ಸುತ್ತು, ದಿನವೂ ಕಪ್ಪೆ ಜಿಗಿತ. ಏದುಸಿರು ಬಿಡುತ್ತ ಬಂದು ಜಿಗಿದರೆ ಅಡ್ಡಕೋಲಿಗೆ ಅವಳ ಲಂಗದ ಗಾಳಿಯೂ ಸೋಕುತ್ತಿರಲಿಲ್ಲ. ಬಸ್ಸು ಅಪ್ಪಿತಪ್ಪಿ ಬೇಗ ಬಂದು, ಅವಳು ಸಾಲಿನಲ್ಲಿ ಕೂತು ಜಗ್ಗಿದ ದಿನ ಮಾತ್ರ ಕೋಲು ಕೆಡವುತ್ತಿದ್ದಳು. ಕೊನೆಗೆ ಬಸ್ಸು ಬೇಗ ಬಂದ ದಿನವೂ ಅವಳು ಸ್ಟ್ಯಾಂಡಿನಲ್ಲೇ ಹೊತ್ತು ಕಳೆದು ತಡಮಾಡಿ ಬರತೊಡಗಿದಳು. ಮಾಸ್ತರರಿಗೆ ಸುದ್ದಿ ಮುಟ್ಟಿತು.

"ಬೇಕಂತ ತಡ ಮಾಡ್ತೀಯೇನ?" ಎಂದು ಗದರಿದರು.

"ಸಿಟ್ಟಾಗಬ್ಯಾಡ್ರಿ ಸರ್," ಎಂದಳು ಕಾಂತಾ. "ಕುಂತು ಜಗ್ಗಿದ್ರ ಕಾಲಿಗೆ ನಿದ್ದಿ ಹತ್ತತೈತ್ರಿ. ಕುಂಟಿ ಬಂದ್ರ ಎಚ್ಚರ ಇರ್ತಾವು."

"ನನಗ ಕಲಸಾಕ ಬಂದಿ? ಹೊಡಿ ಇನ್ನೊಂದು ಸುತ್ತು!"

ಎರಡನೆಯ ಸುತ್ತು ಮುಗಿಸಿ ಬಂದ ಆ ಹುಡುಗಿ ಅಂದು ಹಿಂದೆಂದೂ ದಾಟದ ಎತ್ತರವನ್ನು ದಾಟಿದಳು. ಮಾಸ್ತರರು ಮನೆಗೆ ಬಂದು ಚಹಾ ಕುಡಿಯುವುದನ್ನೂ ಮರೆತು ಹಿತ್ತಲಲ್ಲಿ ನಿಂತರು.

ಮರುದಿನದಿಂದ ಹಿತ್ತಲ ಗೋಡೆಯ ಮೇಲೆ ಕಪ್ಪು ಗುರುತುಗಳು ಬೀಳತೊಡಗಿದವು. ನಲವತ್ತು ದಾಟಿದ ಮಾಸ್ತರರು ಬೆರಳಿಗೆ ಒಲೆಯ ಮಸಿ ಹಚ್ಚಿಕೊಂಡು, ಒಂದು ದಿನ ಕೂತು ಅರವತ್ತು ಎಣಿಸಿ ಜಿಗಿದು ಗೋಡೆ ಮುಟ್ಟುವರು. ಇನ್ನೊಂದು ದಿನ ಬಾವಿಯ ಸುತ್ತ ಕುಂಟಿ ಬಂದು ಮುಟ್ಟುವರು. ಹದಿನಾಲ್ಕು ದಿನ ಹೀಗೆ ನಡೆಯಿತು. ಕುಂಟಿದ ದಿನಗಳ ಗುರುತೆಲ್ಲ ಮೇಲೆ, ಜಗ್ಗಿದ ದಿನಗಳದೆಲ್ಲ ಕೆಳಗೆ. ನಡುವೆ ಎರಡು ಬೆರಳು ಅಂತರ.

ಸುಣ್ಣ ಹೊಡೆಸಿದ ಗೋಡೆ ಹಾಳಾಯಿತೆಂದು ಜಗಳಕ್ಕೆ ಬಂದ ರಾಧಾಬಾಯಿ ವಿಷಯ ಕೇಳಿ ತಾನೇ ಕೈಯಿಟ್ಟು ಅಳೆದು ನೋಡಿದಳು. ನಾಳೆಯೇ ಮಕ್ಕಳಿಗೆ ಹೇಳಿಬಿಡಿ ಎಂದಳು. ಕ್ರೀಡಾಕೂಟ ಮುಗಿಯಲಿ, ಈಗ ಹೇಳಿದರೆ ಶಿವಬಸವ್ವ ಗಾಬರಿಯಾಗುತ್ತಾಳೆ ಎಂದರು ಮಾಸ್ತರರು. ಇದು ನೆಪ. ಹನ್ನೊಂದು ವರ್ಷ ಕಲಿಸಿದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ, ಅಷ್ಟೇ. ಮಂಜಿನೊಳಗಿನ ಆ ಮೌನವನ್ನು ಬಿಡಲು ಮನಸ್ಸೂ ಇರಲಿಲ್ಲ.

ಕಾಂತಾಳಿಗೆ ಕೂಟದ ವಯಸ್ಸಾಗಿರಲಿಲ್ಲ. ನವೆಂಬರಿನಲ್ಲಿ ಗುರುವಿನೊಂದಿಗೆ ಶಿವಬಸವ್ವ ಒಬ್ಬಳೇ ಪ್ಯಾಸೆಂಜರ್ ಗಾಡಿ ಹತ್ತಿ ಬೆಳಗಾವಿಗೆ ಹೋದಳು. ಮೈದಾನದ ಒಂದು ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ, ಎಂದಿನ ಶ್ರದ್ಧೆಯಿಂದ ಕಾಲು ಜಗ್ಗಿದಳು. ಮಾಸ್ತರರು ನೋಡುತ್ತಿದ್ದರು. ಬೇಡ ಎನ್ನಲಿಲ್ಲ.

ಕೋಲು ಒಂದು ಮೀಟರ್ ಮೂವತ್ತೈದಕ್ಕೆ ಏರಿತು. ಶಿವಬಸವ್ವನ ಮೊದಲ ಜಿಗಿತಕ್ಕೆ ಹಿಮ್ಮಡಿ ತಾಗಿತು. ಎರಡನೆಯದಕ್ಕೂ ತಾಗಿತು. ಒಂದೇ ಒಂದು ಜಿಗಿತ ಉಳಿಯಿತು. ಸರದಿ ಬರಲು ಇನ್ನೂ ಐದಾರು ಹುಡುಗಿಯರಿದ್ದರು. ಅವಳು ತುಟಿ ಕಚ್ಚಿಕೊಂಡು ಹೋಗಿ, ಕೂತು, ಮತ್ತೆ ಕಾಲು ಚಾಚಿ ಬೆರಳು ಹಿಡಿದಳು. ಒಂದು, ಎರಡು, ಮೂರು ಎಂದು ಅವಳ ತುಟಿ ಅಲ್ಲಾಡುವುದನ್ನು ಕಂಡು ಮಾಸ್ತರರು ಅವಳತ್ತ ಧಾವಿಸಿದರು.

"ಶಿವಬಸವ್ವಾ, ಏಳು!" ಅವರ ದನಿಗೆ ಸುತ್ತಲಿನವರೆಲ್ಲ ತಿರುಗಿದರು. "ತಡ ಮಾಡಿ ಬಂದಿ ನೀ. ಹೋಗು, ಸುತ್ತು ಹೊಡಿ."

"ನಾನೇನ್ರಿ?" ಹುಡುಗಿ ಬೆಪ್ಪಾದಳು. "ನಾ ಎಂದೂ ತಡ ಮಾಡಿಲ್ರಿ ಸರ್. ಮೂರು ವರ್ಷದಾಗ ಒಂದಿನಾನೂ ಇಲ್ರಿ."

"ಇವತ್ತ ಮಾಡಿದಿ. ಹೋಗು ಅಂದ್ರ ಹೋಗು!"

ಪರ ಊರಿನ ಅಷ್ಟೊಂದು ಜನರೆದುರು ಅವಳು ಕಣ್ಣೀರು ಸುರಿಸುತ್ತ ಹೊರಟಳು. ಮರಳಿನ ಹೊಂಡದ ಆಚೆ ಓಡಿದಳು, ಕುಂಟಿದಳು, ಬಿಕ್ಕುತ್ತಲೇ ಹತ್ತು ಸಲ ಕಪ್ಪೆಯಂತೆ ಜಿಗಿದಳು. ಇನ್ನೊಂದು ಶಾಲೆಯ ಮಾಸ್ತರರೊಬ್ಬರು, ಎಂಥಾ ಕಟುಕ ಇವನು ಎಂದು ಕೇಳುವಂತೆಯೇ ಅಂದರು. ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಕೆನ್ನೆ ಒರೆಸಿಕೊಂಡು ಓಡಿ ಬಂದಳು. ಎಡಗಾಲು ನೆಲ ಒದೆಯಿತು. ಆಮೇಲಿನದು ಬಹಳ ಹೊತ್ತು ನಡೆಯಿತೆಂದು ಮಾಸ್ತರರಿಗೆ ಅನಿಸಿತು: ಮೈದಾನದ ಗದ್ದಲ ದೂರವಾಯಿತು, ಹುಡುಗಿ ಮೇಲೇರಿದಳು, ಬಿಸಿಲಿನಲ್ಲಿ ಒಂದು ಕ್ಷಣ ಯಾವ ಅವಸರವೂ ಇಲ್ಲದವಳಂತೆ ನಿಂತಳು, ಹಿಮ್ಮಡಿ ಕೋಲಿನ ಮೇಲಿಂದ ಅಂಗೈ ಅಗಲ ಎತ್ತರದಲ್ಲಿ ದಾಟಿತು. ಅವಳು ಮರಳಿಗೆ ಬಿದ್ದು, ತಿರುಗಿ, ಅಲುಗದೆ ನಿಂತ ಕೋಲನ್ನು ನೋಡುತ್ತ ಕೂತುಬಿಟ್ಟಳು. ಏಳಲು ಯಾರೋ ಕೈಕೊಡಬೇಕಾಯಿತು.

ಸಂಜೆಯ ಗಾಡಿಯಲ್ಲಿ ಇಬ್ಬರೂ ಎದುರುಬದುರು ಕೂತರು. ದೇಸೂರು ದಾಟಿದ ಮೇಲೆ ಅವಳು ಕೇಳಿದಳು, "ಸರ್, ನನಗ ಶಿಕ್ಷಾ ಯಾಕ ಕೊಟ್ರಿ?"

ಮಾಸ್ತರರು ಎಲ್ಲವನ್ನೂ ಹೇಳಿದರು. ಕಾಂತಾಳ ಮಾತು, ಹಿತ್ತಲ ಗೋಡೆ, ಎರಡು ಬೆರಳು, ತಾವು ಬಾಯಿ ಮುಚ್ಚಿಕೊಂಡಿದ್ದು. ಇನ್ನು ಮೇಲೆ ಜಗ್ಗುವುದೇನಿದ್ದರೂ ಜಿಗಿದು ಮುಗಿದ ಮೇಲೆ ಎಂದೂ ಹೇಳಿದರು.

"ಅಂದ್ರ ಹೋದ ವರ್ಷ ಬಿದ್ದದ್ದೂ ಅದಕ್ಕೇನ್ರಿ?"

"ಹೌದವಾ, ಅದಕ್ಕ ಇರಬೇಕು."

"ಅದರ ಹಿಂದಿನ ವರ್ಷಾನೂ?"

"ಅದೂ. ನನ್ನ ಮಾತು ಎಷ್ಟು ಕೇಳಿದಿ, ಅಷ್ಟು ಕೆಳಗ ಉಳಿದಿ ನೀ. ತಪ್ಪು ನಂದು."

ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಮಾಸ್ತರರಿಗೆ ಹನ್ನೊಂದು ವರ್ಷದ ಮಕ್ಕಳೆಲ್ಲ ನೆನಪಾದರು. ಮಾತು ಕೇಳದವರು ಹೇಗೋ ದಾಟಿಕೊಂಡರು. ಕೇಳಿದವರೇ ಸೋತು ಮನೆಗೆ ಹೋದರು, ಹೋಗುವಾಗ ಕಾಲಿಗೆ ನಮಸ್ಕಾರ ಮಾಡಿಯೂ ಹೋದರು. ಸಾಗುವಾನಿ ಮರಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಈ ಹುಡುಗಿ ಬೈದರೂ ಆಗುತ್ತಿತ್ತು ಎಂದುಕೊಂಡರು.

ಖಾನಾಪುರದಲ್ಲಿ ಗಾಡಿ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು.

"ಸರ್, ಮೈಸೂರಿಗೆ ನೀವ ಬರಬೇಕ್ರಿ. ಬ್ಯಾರೆ ಯಾರನ್ನೂ ಕಳಸಬ್ಯಾಡ್ರಿ."

"ನಾ ಯಾಕವಾ? ಇಷ್ಟೆಲ್ಲಾ ಆದ ಮ್ಯಾಲೂ?"

"ನೀವು ಬರಲಿಲ್ಲಂದ್ರ ಅಲ್ಲಿ ನನಗ ಶಿಕ್ಷಾ ಕೊಡಾವರು ಯಾರ್ರಿ?"

ಮಾಸ್ತರರು ನಗಲು ನೋಡಿದರು. ನಗು ಬರಲಿಲ್ಲ. ಬುತ್ತಿ ಗಂಟು ಹೊತ್ತು ಇಳಿಯುತ್ತಿದ್ದ ಜನರ ನಡುವೆ ನಿಂತು, ಬರ್ತೀನವಾ, ಬರ್ತೀನಿ ಎನ್ನುತ್ತ ಡ್ರಿಲ್ ಮಾಸ್ತರರು ಅತ್ತುಬಿಟ್ಟರು.