ಮೂರನೆಯ ವ್ಯಕ್ತಿಯ ಮಾತೃಭಾಷೆ

ನನಗೊಂದು ಚಟವಿದೆ. ಕುಡಿಯುವುದಲ್ಲ, ಸೇದುವುದಲ್ಲ, ಯಾವುದಾದರೂ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಅಲ್ಲಿ ಎಂಥ ಜನ ಇದ್ದಾರೆ, ಎಲ್ಲಿಂದ ಬಂದರು, ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಹುಡುಕಿ ಓದುತ್ತ ಕೂತುಬಿಡುತ್ತೇನೆ. ಬೇರೆಯವರು ಪ್ರವಾಸ ಹೊರಡುವ ಮುಂಚೆ ಹವಾಮಾನ ನೋಡಿದರೆ ನಾನು ಜನಸಂಖ್ಯೆ ನೋಡುತ್ತೇನೆ. ಧಾರವಾಡದಲ್ಲಿ ಎಂ.ಎ. ಮಾಡುವಾಗ ಜನಗಣತಿಯ ಮೇಲೊಂದು ಪ್ರಬಂಧ ಬರೆದಿದ್ದೆ. ಆ ಪದವಿ ನನಗೆ ಕೆಲಸವನ್ನೇನೂ ಕೊಡಿಸಲಿಲ್ಲ. ಈಗ ಕೆನಡಾದಲ್ಲಿ, ಟೊರೊಂಟೊ ಪಕ್ಕದ ಮೆಡೋವೇಲ್‌ನ ಒಂದು ಆಫೀಸಿನಲ್ಲಿ ಕೂತು ವಿಮೆಯ ಕಾಗದಗಳಲ್ಲಿ ಜನ ಎಲ್ಲಿ ಸುಳ್ಳು ಬರೆದಿದ್ದಾರೆಂದು ಹುಡುಕುತ್ತೇನೆ. ಆದರೆ ಈ ಚಟವನ್ನೂ, ಯಾವುದನ್ನೂ ಪೂರ್ತಿ ನಂಬದ ಸ್ವಭಾವವನ್ನೂ ಆ ಪದವಿಯೇ ಬುತ್ತಿ ಕಟ್ಟಿ ಕಳಿಸಿತು.

ಈಚಿನ ನನ್ನ ಮೋಹ ಅಮೆರಿಕದ ಮಿಷಿಗನ್ ರಾಜ್ಯ. ಕಾರಣ ಸರಳ. ನನ್ನ ಅಕ್ಕ, ಶಾಂತಕ್ಕ, ಡೆಟ್ರಾಯ್ಟ್ ಹತ್ತಿರ ಇದ್ದಾಳೆ. ನಮ್ಮ ಮನೆಯಿಂದ ಕಾರಿನಲ್ಲಿ ನಾಲ್ಕು ತಾಸು, ನಡುವೆ ಒಂದು ನದಿ, ಒಂದು ಗಡಿ. ಆ ರಾಜ್ಯದ ಜನರ ಪಟ್ಟಿ ಓದುವುದೆಂದರೆ ಕೌದಿಯ ತೇಪೆಗಳನ್ನು ಬೆರಳಿನಿಂದ ಸವರಿದ ಹಾಗೆ. ಉತ್ತರದ ತಾಮ್ರದ ಗಣಿಗಳಿಗೆ ಫಿನ್ಲೆಂಡಿನವರು ಬಂದರು. ಪಶ್ಚಿಮದ ಸರೋವರದ ದಂಡೆಗೆ ಡಚ್ಚರು ಬಂದು ತಮ್ಮ ದೇಶದ ಹೆಸರನ್ನೇ ಊರಿಗಿಟ್ಟರು. ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಕರಿಯ ಕುಟುಂಬಗಳು ಕಾರು ಕಾರ್ಖಾನೆಗಳಿಗೆ ಬಂದವು. ಪೋಲಂಡಿನವರು ಬಂದರು, ಅರಬ್ಬರು ಬಂದರು, ಕೊನೆಗೆ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ತುಂಬಿಕೊಂಡು ನಮ್ಮ ಅಕ್ಕನೂ ಬಂದಳು.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಕ್ಕನಿಗೆ ಆಕಳಿಕೆ.

"ತಮ್ಮಾ, ನಾ ಇಲ್ಲೆ ಇಪ್ಪತ್ತು ವರ್ಷದಿಂದ ಅದೀನಿ. ನಮ್ಮ ಬಾಜೂ ಮನ್ಯಾಗ ಯಾರದಾರ ಅಂತ ಇನ್ನೂ ಗೊತ್ತಿಲ್ಲ. ನಿನಗ ನೋಡಿದ್ರ ಇಡೀ ರಾಜ್ಯದ ತಲಿ ಎಣಿಸೂದು ಬೇಕಾಗೇದ!"

"ಅಲ್ಲಕ್ಕಾ, ನಿಮ್ಮಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿಗೆ ಬಂದವರು ಏನು ಕೇಳ್ತಾರ?"

"ನೀ ಕರಿಯೋ ಬಿಳಿಯೋ, ಇಂಡಿಯನ್ನೋ ಚೈನೀಸೋ ಅಂತ ಕೇಳ್ತಾರ. ಮನ್ಯಾಗ ಏನು ಮಾತಾಡ್ತೀ ಅಂತ ಆ ಫಾರ್ಮಿನ್ಯಾಗ ಯಾರೂ ಕೇಳಲಿಲ್ಲಪಾ."

ಇದು ನನ್ನನ್ನು ಬಹಳ ದಿನ ಕಾಡಿತು. ಗಣಿಗೆ ಬಂದವರ ಮರಿಮಕ್ಕಳು ಯಾರು ಎಂಬುದಕ್ಕೆ ಲೆಕ್ಕವಿದೆ. ಆದರೆ ಅವರಿಗೆ ತಮ್ಮ ಅಜ್ಜಿ ಗೊಣಗುವುದು ತಿಳಿಯುತ್ತಿತ್ತೋ ಇಲ್ಲವೋ ಎಂಬುದನ್ನು ಯಾವ ಪಟ್ಟಿ ಹೇಳೀತು? ಹೀಗೆ ಬೇರೆಯವರ ಅಜ್ಜಿಯರ ಬಗ್ಗೆ ಚಿಂತಿಸುತ್ತಿದ್ದಾಗಲೇ ಮೇ ತಿಂಗಳು ಬಂತು. ನಮ್ಮ ಕೆನಡಾದ ಗಣತಿಯ ಕಾಗದವೂ ಅಂಚೆಪೆಟ್ಟಿಗೆಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ಒಂದೇ ಒಂದು ಊರಿನ ಪಟ್ಟಿಯನ್ನು ಮಾತ್ರ ನಾನು ಬೇಕೆಂದೇ ಇನ್ನೂ ತೆರೆದು ನೋಡಿರಲಿಲ್ಲ. ಆ ಊರು ಕೆನಡಾದ ಪೂರ್ವ ಕಡಲತಡಿಯ ಹ್ಯಾಲಿಫ್ಯಾಕ್ಸ್. ನಮ್ಮ ಒಬ್ಬಳೇ ಮಗಳು ಅನಘಾಳಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಮುದ್ರದ ಜೀವಿಗಳನ್ನು ಓದಲು ಸೀಟು ಸಿಕ್ಕಿತ್ತು. ವಿಮಾನದಲ್ಲಿ ಎರಡು ತಾಸಿನ ದಾರಿ. ಟೊರೊಂಟೊದಲ್ಲೂ ಒಂದು ಸೀಟು ಇತ್ತು, ಮನೆಯಿಂದಲೇ ಟ್ರೇನಿನಲ್ಲಿ ಹೋಗಿಬರಬಹುದಾದದ್ದು. ತಿಂಗಳ ಕೊನೆಯೊಳಗೆ ಯಾವುದಾದರೊಂದಕ್ಕೆ ಹೂಂ ಅನ್ನಬೇಕು. ಆಕೆ ಇನ್ನೂ ಅಂದಿರಲಿಲ್ಲ. "ಐಯಾಮ್ ಥಿಂಕಿಂಗ್, ಅಪ್ಪಾ" ಎಂದು ಕೋಣೆಗೆ ಹೋಗುತ್ತಿದ್ದಳು.

ನಾನೂ ನನ್ನ ಹೆಂಡತಿ ವೈಜಯಂತಿಯೂ ಊಟದ ಮೇಜಿನ ಮೇಲೆ ದಿನವೂ ಇದನ್ನೇ ಮಾತಾಡುತ್ತಿದ್ದೆವು, ಮರಾಠಿಯಲ್ಲಿ. ನಾವಿಬ್ಬರೂ ಬೆಳಗಾವಿಯವರು, ಅಲ್ಲಿ ಬೆಳೆದವರಿಗೆ ಮರಾಠಿ ಬೀದಿಯಲ್ಲೇ ಸಿಗುತ್ತದೆ. ಮಗಳಿಗೆ ಬುದ್ಧಿ ಬಂದಂದಿನಿಂದ ಅದು ನಮ್ಮ ಮನೆಯ ಕಪಾಟಿನ ಬೀಗ. ಹುಟ್ಟುಹಬ್ಬದ ಉಡುಗೊರೆ, ನೆಂಟರ ಜಗಳ, ಡಾಕ್ಟರು ಹೇಳಿದ್ದು, ಎಲ್ಲವನ್ನೂ ಅದರೊಳಗಿಟ್ಟು ಕೀಲಿ ತಿರುಗಿಸಿದ್ದೇವೆ. ಈಗ ಹ್ಯಾಲಿಫ್ಯಾಕ್ಸ್ ಕೂಡ ಒಳಗೆ ಹೋಯಿತು. ಅಷ್ಟು ದೂರ ಕಳಿಸುವುದು ತನಗೆ ಆಗುವುದಿಲ್ಲ ಎಂದು ಅವಳು ಹೇಳುವುದು, ನನಗೂ ಆಗುವುದಿಲ್ಲ ಆದರೆ ಬಾಯಿಬಿಟ್ಟು ಹೇಳಿದರೆ ಹುಡುಗಿ ಆಸೆ ಬಿಟ್ಟುಬಿಡುತ್ತಾಳೆ ಎಂದು ನಾನು ಹೇಳುವುದು. ಅನಘಾ ಫೋನು ನೋಡುತ್ತ ಚಪಾತಿ ಮುರಿಯುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಚಹಾ ಹಿಡಿದು ಗಣತಿಯ ಫಾರ್ಮು ತುಂಬಲು ಕೂತೆ. ಲ್ಯಾಪ್‌ಟಾಪಿನಲ್ಲಿ ಆ ಕಾಗದದಲ್ಲಿದ್ದ ಗುಪ್ತಸಂಖ್ಯೆ ಹಾಕಿದರೆ ಮನೆಯವರೆಲ್ಲ ಸಾಲಾಗಿ ಬರುತ್ತಾರೆ: ಮೊದಲನೆಯ ವ್ಯಕ್ತಿ ನಾನು, ಎರಡನೆಯ ವ್ಯಕ್ತಿ ವೈಜಯಂತಿ, ಮೂರನೆಯ ವ್ಯಕ್ತಿ ಅನಘಾ. ಹೆಸರು, ಹುಟ್ಟಿದ ದಿನ ಎಲ್ಲ ಸಲೀಸು. ಆಮೇಲೆ ಬಂತು ಆ ಪ್ರಶ್ನೆ. ಈ ವ್ಯಕ್ತಿ ಬಾಲ್ಯದಲ್ಲಿ ಮನೆಯಲ್ಲಿ ಮೊದಲು ಕಲಿತ, ಈಗಲೂ ತಿಳಿಯುವ ಭಾಷೆ ಯಾವುದು?

ನನ್ನದಕ್ಕೆ ಕನ್ನಡ ಎಂದು ಬರೆಯಲೂ ಒಂದು ಕ್ಷಣ ತಡೆದೆ. ಬಾಜೂ ಮನೆಯ ಮರಾಠಿ ಮಾವಶಿಯ ತೊಡೆಯ ಮೇಲೆ ಕೂತು ಕತೆ ಕೇಳಿದ್ದೇ ನನ್ನ ಮೊದಲ ನೆನಪು. ಅಕ್ಕನಿಗೆ ಫೋನು ಮಾಡಿದೆ. "ಆ ಮಾವಶಿ ನಮ್ಮ ಓಣಿಗೆ ಬಂದಾಗ ನೀ ಸಾಲ್ಯಾಗ ಎರಡನೇ ಇಯತ್ತೆ ಇದ್ದಿ. ಅಷ್ಟು ದೊಡ್ಡ ಕೋಣ ಯಾರ ತೊಡೀ ಮ್ಯಾಲೆ ಕೂಡ್ತದ?" ಎಂದಳು. ನನ್ನ ಮೊದಲ ನೆನಪೇ ಹೀಗೆ ಕೆಳಗೆ ಬಿತ್ತು.

ಮಗಳ ಸಾಲಿಗೆ ಬಂದಾಗ ಆ ನೋವು ಹಸಿಯಾಗಿಯೇ ಇತ್ತು. ಅನಘಾ ಆಡಿದ ಮೊದಲ ಮಾತು "ಬ್ಯಾಡ" ಎಂದು ನನಗೆ ಸ್ಪಷ್ಟ ನೆನಪು: ಕಾರಿನ ಪುಟ್ಟ ಸೀಟು, ಹೊರಗೆ ಹಿಮ, ನನ್ನ ಕೈಯಲ್ಲಿ ಕೆಂಪು ಟೊಪ್ಪಿಗೆ. ವೈಜಯಂತಿಯ ಪ್ರಕಾರ ಮೊದಲ ಮಾತು "ಮೋರ್", ಬಾಳೆಹಣ್ಣಿಗಾಗಿ. ನನಗೆ ಬೇಕಾದ ಹಾಗೆಯೇ ಇರುವ ನೆನಪನ್ನು ನಾನು ನಂಬುವುದಿಲ್ಲ. ವಿಮೆಯ ಕಾಗದದಲ್ಲೂ ತೀರ ಚೆನ್ನಾಗಿ ಹೊಂದುವ ಕತೆಗೇ ಮೊದಲು ಕೆಂಪು ಗುರುತು ಹಾಕುವವನು ನಾನು. ಕಣ್ಣೆದುರಿನ ಸಾಕ್ಷಿಯಾದರೋ ಹದಿನೇಳು ವರ್ಷದ್ದು: ನಾನು ಕನ್ನಡದಲ್ಲಿ ಕೇಳುತ್ತೇನೆ, ಆಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಪ್ರಾಮಾಣಿಕನಾಗಿರಬೇಕು ಎಂದುಕೊಂಡು, ಹಲ್ಲು ಕಚ್ಚಿ, 'ಇಂಗ್ಲಿಷ್' ಒತ್ತಿದೆ. ನನ್ನ ನಿಷ್ಪಕ್ಷಪಾತತೆಗೆ ನಾನೇ ಸ್ವಲ್ಪ ತಲೆದೂಗಿದೆ ಕೂಡ.

ಹಿಂದೆ ಸೀರಿಯಲ್ ಬಟ್ಟಲು ಹಿಡಿದು ಅನಘಾ ನಿಂತಿದ್ದಳು.

"ಅಪ್ಪಾ. ವೈ ಡಸ್ ಮೈನ್ ಸೇ ಇಂಗ್ಲಿಷ್?"

"ನೀ ಇಂಗ್ಲಿಷಿನ್ಯಾಗ ಮಾತಾಡ್ತೀ ಅಲ್ಲವಾ, ಅದಕ್ಕ..."

"ಇಟ್ ಡಸಂಟ್ ಸೇ ಸ್ಪೀಕ್. ಇಟ್ ಸೇಸ್ ಅಂಡರ್‌ಸ್ಟ್ಯಾಂಡ್. ನನ್ನ ಒಂದ್ ಮಾತು ಕೇಳಬಹುದಿತ್ತಲ್ಲ?"

ಆ ಕೊನೆಯ ವಾಕ್ಯ ಕನ್ನಡದಲ್ಲಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಆ ಗಳಿಗೆಯಲ್ಲಿ ಕಂಡದ್ದು ಆಕೆಯ ಗದ್ದ ಮಾತ್ರ. ಚಿಕ್ಕಂದಿನಲ್ಲಿ ಅಳು ತಡೆಯುವಾಗ ನಡುಗುತ್ತಿದ್ದ ಹಾಗೆ ಅದು ನಡುಗುತ್ತಿತ್ತು. ನಾನು ಸಾಕ್ಷಿ, ಪುರಾವೆ, ನೆನಪಿನ ದೋಷ ಎಂದೆಲ್ಲ ತೊದಲಿದೆ. ವಿಶ್ವವಿದ್ಯಾಲಯದಲ್ಲಿ ಓದಿದವನ ದೊಡ್ಡ ತೊಂದರೆ ಇದೇ. ತಪ್ಪಾಯಿತು ಎನ್ನುವ ಮುಂಚೆ ಪೀಠಿಕೆ ಬೇಕಾಗುತ್ತದೆ.

"ಎವಿಡೆನ್ಸ್ ಬೇಕಾ?" ಎಂದಳು ಅನಘಾ, ಬಟ್ಟಲು ಕೆಳಗಿಟ್ಟು. "ವೆನ್ ಯು ಗೈಸ್ ಡೋಂಟ್ ವಾಂಟ್ ಮೀ ಟು ನೋ ಸಮ್‌ಥಿಂಗ್, ಯು ಸ್ವಿಚ್ ಟು ಮರಾಠಿ. ನನಗ ಕನ್ನಡ ತಿಳಿಯೂದಿಲ್ಲ ಅಂದ್ರ, ವೈ ವುಡ್ ಯು ಬಾದರ್?"

ಅಡುಗೆಮನೆಯಲ್ಲಿ ಒಗ್ಗರಣೆ ಸೌಟು ನಿಂತಿತು. ಧಾರವಾಡದ ಯಾವ ಮೇಷ್ಟರೂ ನನ್ನ ಪ್ರಬಂಧವನ್ನು ಇಷ್ಟು ಚೊಕ್ಕಟವಾಗಿ ಉರುಳಿಸಿರಲಿಲ್ಲ. ಇಷ್ಟು ವರ್ಷದಿಂದ ದಿನಕ್ಕೆರಡು ಹೊತ್ತು ಊಟದ ಮೇಜಿನ ಮೇಲೆ ಪುರಾವೆ ಬಿದ್ದಿತ್ತು. ಆಕೆಗೆ ಕನ್ನಡ ತಿಳಿಯುತ್ತದೆಂದು ನನಗೆ ಎಷ್ಟು ಖಾತ್ರಿ ಇತ್ತೆಂದರೆ, ಅದರಿಂದ ತಪ್ಪಿಸಿಕೊಳ್ಳಲು ಇನ್ನೊಂದು ಭಾಷೆಗೇ ಓಡುತ್ತಿದ್ದೆ!

"ಆಂಡ್ ಬೈ ದ ವೇ," ಎಂದಳು ಆಕೆ, ಈಗ ಮೆಲ್ಲಗೆ, "ಐ ಗಾಟ್ ದ ಮರಾಠಿ ಟೂ. ಲೈಕ್, ಗ್ರೇಡ್ ಸಿಕ್ಸ್‌ನಿಂದ. ಅಮ್ಮಗ ನಾ ಹೋಗೂದು ಬ್ಯಾಡ. ನಿಮಗೂ ಬ್ಯಾಡ, ಆದ್ರ ನೀವು ಹೇಳೂದಿಲ್ಲ. ಅದಕ್ಕ ನಾ ಎಸ್ ಅಂತ ಹೇಳಿಲ್ಲ."

ಬ್ಯಾಡ. ಕಾರಿನ ಸೀಟಿನಲ್ಲಿ ಕೇಳಿದೆನೋ ಇಲ್ಲವೋ ದೇವರಿಗೆ ಗೊತ್ತು. ಈಗ ಮಾತ್ರ ಸ್ಪಷ್ಟವಾಗಿ ಕೇಳಿತು.

ವೈಜಯಂತಿ ಕೈ ಒರೆಸುತ್ತ ಹೊರಗೆ ಬಂದಳು. "ಗ್ರೇಡ್ ಸಿಕ್ಸಾ? ಹಂಗಾರ ಡೆಟ್ರಾಯ್ಟಿನ ನಿಮ್ಮತ್ತಿ ಬಗ್ಗೆ ನಾ ಅಂದಿದ್ದೆಲ್ಲಾ..."

"ಎಲ್ಲಾ, ಅಮ್ಮಾ."

"ಏನ್ ಹುಡುಗೀನ ನೀ!" ಎಂದು ಅವಳು ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಹೆಗಲ ಮೇಲಿಂದ ಬಗ್ಗಿ, ಮೊದಲು ಇದನ್ನು ಸರಿಮಾಡಿರಿ ಎಂದಳು. ನಾನು ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿ ಮೊದಲ ಪುಟಕ್ಕೇ ಹೋದೆ, ಎಲ್ಲರಂತೆ ನಾನೂ ಓದದೆ ದಾಟಿದ್ದ ಪುಟ. ಮನೆಯಲ್ಲಿ ಯಾರನ್ನು ಎಣಿಸಬೇಕೆಂಬ ಸೂಚನೆಗಳು ಅಲ್ಲಿದ್ದವು. ಅವುಗಳಲ್ಲಿ ಒಂದರ ಸಾರ ಇದು: ಓದಲೆಂದು ಬೇರೆ ಊರಿನಲ್ಲಿದ್ದು, ವರ್ಷದ ನಡುವೆ ತಂದೆತಾಯಿಯ ಹತ್ತಿರ ಮರಳುವ ಮಕ್ಕಳನ್ನು ತಂದೆತಾಯಿಯ ಮನೆಯಲ್ಲೇ ಎಣಿಸಿರಿ.

ವೈಜಯಂತಿ ಅದನ್ನು ಎರಡು ಸಲ ಓದಿದಳು. "ನೋಡ್ರಿ," ಎಂದಳು, "ಸರಕಾರಕ್ಕ ಗೊತ್ತೈತಿ."

ಮನೆಯಲ್ಲಿ ಗುಟ್ಟು ಹೇಳಲು ಈಗ ನಮಗೆ ಭಾಷೆಯೇ ಉಳಿದಿಲ್ಲ. ಹಾಗಾಗಿ ಹೇಳಬೇಕಾದ್ದನ್ನು ಕನ್ನಡದಲ್ಲೇ ಹೇಳಬೇಕಾಯಿತು. ನೀನು ಹೋಗುವುದು ನನಗೆ ಬ್ಯಾಡ, ಆದರೂ ಹೋಗು ಎಂದೆ. ಎರಡೂ ನಿಜ, ಈ ಸಲ ಯಾವುದಕ್ಕೂ ಪುರಾವೆ ಕೇಳಲಿಲ್ಲ. ಅನಘಾ "ಓಕೆ" ಎಂದಳು. ಆಕೆಯ ಸಾಲಿನಲ್ಲಿ ಕನ್ನಡವನ್ನು ಆಕೆಯೇ ಒತ್ತಿದಳು.

ಅಂದು ಮಧ್ಯಾಹ್ನ ಹ್ಯಾಲಿಫ್ಯಾಕ್ಸಿನ ಪಟ್ಟಿಯನ್ನು ಕೊನೆಗೂ ತೆರೆದೆ. ಸ್ಕಾಟ್ಲೆಂಡಿನವರು, ಐರಿಷರು, ಫ್ರೆಂಚರು, ಅರಬ್ಬರು; ಬೆರಳು ಕೆಳಗಿಳಿಸುತ್ತ ಹೋದೆ. ಬಹಳ ಕೆಳಗೆ, ಕನ್ನಡದ ಎದುರು ಒಂದು ಸಣ್ಣ ಅಂಕಿ. ಬರುವ ಸೆಪ್ಟೆಂಬರಿನಲ್ಲಿ ಅದಕ್ಕೊಂದು ಕೂಡಬೇಕು ಎಂದುಕೊಂಡವನು ತಡೆದೆ. ಕೂಡುವ ಹಾಗಿಲ್ಲ. ಕಡಲ ದಂಡೆಯಲ್ಲಿ ನಿಂತು ಆಕೆ ಯಾವ ಭಾಷೆಯಲ್ಲಿ ಮೀನು ಎಣಿಸಿದರೂ, ನಿಯಮದ ಪ್ರಕಾರ ಆಕೆ ಇಲ್ಲಿನ ಮೂರನೆಯ ವ್ಯಕ್ತಿ.