ಹಿಂಬದಿ ಮುಚ್ಚಳದೊಳಗಿನ ತಾರೀಖು

ಬೆಳಗಿನ ಐದೂವರೆ. ಹೊಸಕೋಟೆಯ ತರಕಾರಿ ಮಾರುಕಟ್ಟೆಗೆ ಅಂಟಿಕೊಂಡ ಓಣಿಯಲ್ಲಿ ಒಂದೇ ಒಂದು ಶಟರ್ ಎದ್ದಿದೆ. ನಾಲ್ಕಡಿ ಅಗಲದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ರೂಪ ಹಲ್ಲುಜ್ಜುವ ಹಳೇ ಬ್ರಷ್ ಹಿಡಿದು ಫೋನೊಂದರ ಚಾರ್ಜಿಂಗ್ ತೂತನ್ನು ಕೆರೆಯುತ್ತಿದ್ದಾರೆ. ಉದುರುತ್ತಿರುವುದು ಧೂಳಲ್ಲ, ರಾಗಿಹಿಟ್ಟು.

“ಮುದ್ದೆ ಮಾಡಕ್ಕೆ ಇಟ್ಟಿದ್ರೇನಕ್ಕಾ ಇದನ್ನ?”

“ನಗಬೇಡ ಕಣಮ್ಮ. ಅಕ್ಕಿಲಿಟ್ರೆ ನೀರು ಹೀರ್ಕೊಂತದೆ ಅಂದ್ರು. ಅಕ್ಕಿ ಮುಗ್ದೋಗಿತ್ತು. ಹಿಟ್ಟು ಅಕ್ಕಿಗಿಂತ ಒಣಗಿರ್ತದಲ್ಲ ಅಂತ ಹೂತಿಟ್ಟೆ” ಎನ್ನುತ್ತಾರೆ ಸಮೇತನಹಳ್ಳಿಯಿಂದ ಸೊಪ್ಪು ತರುವ ಮುನಿವೆಂಕಟಮ್ಮ. ಕೊತ್ತಂಬರಿಯ ಒದ್ದೆ ಮಂಕರಿಯೊಳಗೆ ಫೋನ್ ಜಾರಿ ಬಿದ್ದು ಎರಡು ದಿನವಾಗಿದೆ.

ರೂಪ ಹಿಂಬದಿಯ ಮುಚ್ಚಳ ಬಿಚ್ಚಿ ಮಸೂರದಡಿ ನೋಡುತ್ತಾರೆ. ಒಳಗೆಲ್ಲ ಹಸಿರು ಕಿಲುಬು. “ಇದು ಏಳಲ್ಲ ಅಕ್ಕಾ. ಹೊಸದೇ ತಗೋಬೇಕು.”

“ಯಾವುದು ತಗೊಳ್ಲಿ, ನೀನೇ ಹೇಳು. ಈ ಸಲ ಸರಿಯಾಗಿ ಹೇಳು.”

‘ಈ ಸಲ’ ಎಂಬ ಮಾತಿಗೆ ರೂಪ ಮಸೂರದಿಂದ ತಲೆ ಎತ್ತುತ್ತಾರೆ.

ಮೂರು ವರ್ಷದ ಹಿಂದೆ ಮುನಿವೆಂಕಟಮ್ಮ ಕೇಳಿದ್ದು ಇದೇ ಪ್ರಶ್ನೆ. ಒಳಗಿನ ಬೆಸುಗೆಯ ಅಚ್ಚುಕಟ್ಟು ನೋಡಿ ರೂಪ ಒಂದು ಫೋನ್ ತೋರಿಸಿದ್ದರು. ಹದಿನಾರನೇ ತಿಂಗಳಿಗೆ ಪರದೆ ಒಡೆಯಿತು. ಆ ಮಾಡೆಲ್‌ನ ಪರದೆ ಬೆಂಗಳೂರಿನಲ್ಲೂ ಸಿಗಲಿಲ್ಲ. ನಲವತ್ತು ದಿನ ಫೋನಿಲ್ಲ. ‘ನಾಳೆಗೆ ಎಷ್ಟು ಕಟ್ಟು’ ಎಂದು ಸಂಜೆ ಕರೆ ಮಾಡುತ್ತಿದ್ದ ಎರಡು ಹೋಟೆಲಿನವರು ಬೇರೆಯವರಿಂದ ಸೊಪ್ಪು ತರಿಸಿಕೊಳ್ಳತೊಡಗಿದರು. ಉಳಿದಿರುವುದು ಒಂದೇ ಹೋಟೆಲ್. ಅವರೂ ಎರಡು ದಿನದಿಂದ ಕರೆ ಮಾಡಿ ಮಾಡಿ ಸುಮ್ಮನಾಗಿರಬೇಕು.

“ಬೈದಿದ್ರೆ ಸಮಾಧಾನ ಆಗ್ತಿತ್ತು. ಅಕ್ಕ ಏನೂ ಅನ್ಲಿಲ್ಲ, ಮಗಳ ಹಳೇ ಫೋನ್ ಇಟ್ಕೊಂಡ್ರು. ಈಗ ಕೆಟ್ಟಿರೋದು ಅದೇ” ಎನ್ನುತ್ತಾರೆ ರೂಪ, ಮುನಿವೆಂಕಟಮ್ಮ ವ್ಯಾಪಾರಕ್ಕೆ ಹೋದ ಮೇಲೆ.

ನಲವತ್ತರ ಹತ್ತಿರದ ರೂಪ ಮೊದಲು ಫೋನ್ ಜೋಡಿಸುವ ಕಾರ್ಖಾನೆಯಲ್ಲಿದ್ದರು. ನಾಲ್ಕು ವರ್ಷಕ್ಕೆ ಅವರ ವಿಭಾಗವೇ ಮುಚ್ಚಿತು. ಕೈಯಲ್ಲಿದ್ದ ವಿದ್ಯೆ ನಂಬಿ ಅಂಗಡಿ ತೆರೆದಾಗ ಬಂದವರೆಲ್ಲ ಕೇಳುತ್ತಿದ್ದುದು, “ಅಣ್ಣ ಎಷ್ಟೊತ್ತಿಗೆ ಬರ್ತಾರೆ?” ಎಂದು. ಗಂಡ ಉಮಾಶಂಕರ್ ಬಸ್ ಓಡಿಸುತ್ತಾರೆ, ಸ್ಕ್ರೂಡ್ರೈವರ್ ಹಿಡಿದವರಲ್ಲ. “ನಾನು ಫೋನ್ ಇಸ್ಕೊಂಡು ಬಿಚ್ತಿದ್ದೆ, ಅಷ್ಟೇ.” ಹನ್ನೊಂದು ವರ್ಷವಾಗಿದೆ. ಈಗ ದಿನಕ್ಕೆ ಹತ್ತು ಹನ್ನೆರಡು ಫೋನ್ ಬರುತ್ತವೆ. ಸೊಪ್ಪು, ತರಕಾರಿ ತರುವವರು ನಸುಕಿನಲ್ಲಿ ಕೊಟ್ಟು, ವ್ಯಾಪಾರ ಮುಗಿಸಿ ಒಯ್ಯುತ್ತಾರೆ.

ಆ ತಪ್ಪಿನ ನಂತರ ರೂಪ ಒಂದು ಅಭ್ಯಾಸ ಬೆಳೆಸಿಕೊಂಡಿದ್ದಾರೆ. ಯಾವ ಫೋನ್ ಬಿಚ್ಚಿದರೂ ಮುಚ್ಚಳದ ಒಳಮೈಯಲ್ಲಿ ಅಂದಿನ ತಾರೀಖು ಬರೆದೇ ಮುಚ್ಚುವುದು. ಅದೇ ಫೋನ್ ಮತ್ತೆ ಬಂದಾಗ ಎಷ್ಟು ದಿನ ಬಾಳಿತು ಎಂದು ತಿಳಿಯುತ್ತದೆ. ಯಾವ ಕಂಪನಿಯದು ಆರೇ ತಿಂಗಳಿಗೆ ಬಂತು, ಯಾವುದು ಒಂದೂವರೆ ವರ್ಷ ಮುಖ ತೋರಿಸಲಿಲ್ಲ, ಎಲ್ಲವೂ ಅವರ ತಲೆಯಲ್ಲಿದೆ. ಈ ಬರಹಕ್ಕಾಗಿ ಕಂಪನಿಯ ಹೆಸರು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. “ಹೆಸ್ರು ಬರೀಬೇಡಿ. ಈ ವರ್ಷ ಚೆನ್ನಾಗಿ ಮಾಡಿದವನು ಮುಂದಿನ ವರ್ಷ ಕೆಡಿಸ್ತಾನೆ. ಹೆಂಗೆ ಕೇಳ್ಬೇಕು ಅನ್ನೋದು ಬರೀರಿ.”

ಮುಖ್ಯರಸ್ತೆಯ ಷೋರೂಮಿನ ಸುನಿಲ್‌ಕುಮಾರ್ ಒಮ್ಮೆ ಬಂದು, ಬಂದವರಿಗೆಲ್ಲ ಒಂದೇ ಕಂಪನಿಯ ಫೋನ್ ಹೇಳಿದರೆ ದೀಪದ ಬೋರ್ಡ್ ಹಾಕಿಸಿಕೊಡುತ್ತೇನೆಂದರಂತೆ. “ಬೋರ್ಡ್ ಉರಿಯೋದು ನನ್ನ ತಲೆ ಮೇಲೆ ಅಣ್ಣಾ ಅಂದೆ. ನಗ್ತಾ ಹೋದ್ರು.” ಅಂಗಡಿಗೆ ಇವತ್ತಿಗೂ ಬೋರ್ಡಿಲ್ಲ.

ಹತ್ತು ಗಂಟೆಗೆ ಖಾಲಿ ಮಂಕರಿಯೊಂದಿಗೆ ಮುನಿವೆಂಕಟಮ್ಮ ಮರಳುತ್ತಾರೆ. ಜೊತೆಗೆ ಮಗಳು ಪ್ರಿಯಾಂಕ. ಜಾಹೀರಾತಿನ ಚೀಟಿ ಮುಂದೆ ಹಿಡಿಯುತ್ತಾಳೆ. “ಆಂಟಿ, ಇದ್ರಲ್ಲಿ ನಾಲ್ಕು ಕ್ಯಾಮೆರಾ ಐತೆ.”

“ಕೊತ್ತಂಬರಿ ಫೋಟೋ ತೆಗೀತಾರಾ ನಿಮ್ಮಮ್ಮ?” ರೂಪ ಎರಡು ಕಂಪನಿಗಳ ಸರ್ವಿಸ್ ಕೇಂದ್ರಕ್ಕೆ ಸ್ಪೀಕರ್ ಹಾಕಿ ಕರೆ ಮಾಡುತ್ತಾರೆ. ಹೊಸ ಫೋನಿನ ಸುದ್ದಿಯನ್ನೇ ಎತ್ತುವುದಿಲ್ಲ. ಆಯಾ ಕಂಪನಿಯ ಮೂರು ವರ್ಷ ಹಳೆಯ ಮಾಡೆಲ್ ಹೆಸರಿಸಿ, ಪರದೆ ಇದೆಯಾ ಎಂದು ಕೇಳುತ್ತಾರೆ. ನಾಲ್ಕು ಕ್ಯಾಮೆರಾದವರು, “ಆ ಮಾಡೆಲ್ ನಿಂತೋಗಿದೆ ಮೇಡಂ, ಹೊಸದು ತಗೊಳ್ಳಿ” ಎನ್ನುತ್ತಾರೆ. ಇನ್ನೊಬ್ಬರು, “ಇದೆ, ನಾಳೆ ಕೊಡ್ತೀವಿ” ಎನ್ನುತ್ತಾರೆ. ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. ಅದು ನಿಂತರೆ ದುಡ್ಡು ಕಳಿಸುವ ಆ್ಯಪ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಐದು ವರ್ಷ ಎಂಬ ಉತ್ತರ ಬರುತ್ತದೆ.

ಪ್ರಿಯಾಂಕ ಚೀಟಿ ಮಡಚುತ್ತಾಳೆ.

ಮಧ್ಯಾಹ್ನದ ಹೊತ್ತಿಗೆ ಎರಡನೇ ಕಂಪನಿಯ ಸಾದಾ ಕಪ್ಪು ಫೋನೊಂದು ಮೇಜಿನ ಮೇಲಿದೆ. ವಾರಂಟಿ ಇರುವ ಹೊಸದನ್ನು ಬಿಚ್ಚುವಂತಿಲ್ಲ. ರೂಪ ದಪ್ಪ ರಬ್ಬರ್ ಕವಚದ ಒಳಮೈಯಲ್ಲಿ ತಾರೀಖು ಬರೆದು, ಫೋನನ್ನು ಅದರೊಳಗೆ ಕೂರಿಸುತ್ತಾರೆ. ಮುನಿವೆಂಕಟಮ್ಮ ಮೊದಲ ಕರೆ ಮಾಡುವುದು ಹೋಟೆಲಿಗೆ. “ನಾನು ಕಣಪ್ಪಾ, ಸೊಪ್ಪಿನ ಮುನಿವೆಂಕಟಮ್ಮ. ನಾಳೆಗೆಷ್ಟು?” ರೂಪ, ಪ್ರಿಯಾಂಕ ಇಬ್ಬರೂ ಫೋನಿನತ್ತ ಬಾಗುತ್ತಾರೆ.

“ಮೂವತ್ತು ಕಟ್ಟಾ? ಆಯ್ತಪ್ಪಾ.”

ಫೋನನ್ನು ಮಂಕರಿಗೆ ಹಾಕಹೊರಟ ಕೈ ಅರ್ಧಕ್ಕೇ ನಿಂತು, ಸೊಂಟದ ಚೀಲಕ್ಕೆ ಹೋಗುತ್ತದೆ. “ಐದು ವರ್ಷ ಬರ್ತದಾ ಇದು?”

ರೂಪ ಮುಂದಿನ ಫೋನಿನ ಸ್ಕ್ರೂ ಸಡಿಲಿಸುತ್ತಾರೆ.

“ಬರ್ಬೇಕು ಅಕ್ಕಾ. ಬರ್ಲಿಲ್ಲ ಅಂದ್ರೆ ನೀವು ಬನ್ನಿ. ನಾನಿಲ್ಲೇ ಇರ್ತೀನಿ.”